ಉಣ್ಣೆ ಕಚ್ಚಿದ್ದು ಸತ್ತರಿಯಲ್ಲಿ, ಲೆಕ್ಕ ಬರೆದದ್ದು ಬೆಳಗಾವಿಯಲ್ಲಿ

ಗೋವಾ ರಾಜ್ಯದ ಮಾನ್ಯ ಆರೋಗ್ಯ ಸಚಿವರಿಗೆ,

ನಮಸ್ಕಾರ. ಸತ್ತರಿ ತಾಲ್ಲೂಕಿನ ವಾಳ್ಪೈಯಲ್ಲಿ ನನ್ನದೊಂದು ಕಿರಾಣಿ ಅಂಗಡಿ ಇದೆ. ಹುಟ್ಟೂರು ಬೆಳಗಾವಿ ಕಡೆ, ಇಲ್ಲಿಗೆ ಬಂದು 22 ವರ್ಷ ಆಯ್ತು. ಈ ಪತ್ರದ ಕೊಂಕಣಿ ಪ್ರತಿಯನ್ನು ನಿಮ್ಮ ಕಚೇರಿಗೆ ಬೇರೆಯಾಗಿ ಕಳಿಸಿದ್ದೇನೆ. ಕನ್ನಡದಲ್ಲೂ ಬರೆದದ್ದು, ಗೇರು ಆಯಲು ಬರುವ ನಮ್ಮ ಜನರೂ ಓದಲಿ ಅಂತ.

ವಿಷಯ ಮಂಗನ ಕಾಯಿಲೆಯದು, ಅಂದ್ರೆ ರಕ್ತ ಹೀರುವ ಉಣ್ಣೆ ಹುಳ ಕಚ್ಚಿ ಬರುವ ವೈರಸ್ ಜ್ವರದ್ದು. ನಿಮ್ಮ ಇಲಾಖೆಯವರು ಕೆಎಫ್‌ಡಿ (ಕ್ಯಾಸನೂರು ಕಾಡಿನ ಕಾಯಿಲೆ) ಅನ್ನುತ್ತಾರೆ, ಪಕ್ಕದ ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯ ದೋಡಾಮಾರ್ಗದವರು ಮಾಕಡತಾಪ ಅನ್ನುತ್ತಾರೆ.

ಗೇರಿನ ಸುಗ್ಗಿ ಶುರುವಾದರೆ ಬೆಳಗಾವಿ ಕಡೆಯಿಂದ ಚೋರ್ಲಾ ಘಾಟಿ ಇಳಿದು ಬರುವ ಬಸ್ಸು, ಟೆಂಪೋಗಳಿಂದ ಜನ ಗಂಟುಮೂಟೆ ಸಮೇತ ಇಳಿಯುತ್ತಾರೆ. ಮೇ ತನಕ ತೋಟದಲ್ಲೇ ಜೋಪಡಿ. ಫೆನ್ನಿ ಸಾರಾಯಿಗೆ ಬೇಕಾದ ಗೇರು ಹಣ್ಣನ್ನು ಮರದಿಂದ ಕೀಳುವುದಿಲ್ಲ ಅನ್ನೋದು ನಿಮಗೆ ನಾನು ಹೇಳಬೇಕಿಲ್ಲ. ಅದು ಹಣ್ಣಾಗಿ ತಾನೇ ಬೀಳಬೇಕು. ಬಿದ್ದದ್ದನ್ನು ಒಣ ಎಲೆ ಸರಿಸಿ, ಬಗ್ಗಿ ಬಗ್ಗಿ ಆಯಬೇಕು. ಆ ಒಣ ಎಲೆಯಲ್ಲೇ ಎಳ್ಳಿಗಿಂತ ಸಣ್ಣ ಮರಿ ಉಣ್ಣೆಗಳು ಇರುತ್ತವೆ. ಮನುಷ್ಯರಿಗೆ ಕಾಯಿಲೆ ಹತ್ತಿಸುವುದು ಜಾಸ್ತಿ ಈ ಮರಿಗಳೇ. ಹಣ್ಣು ಬೀಳುವ ಕಾಲವೂ ಅವು ಹೆಚ್ಚುವ ಕಾಲವೂ ಒಂದೇ. ಹಣ್ಣಿನ ಆಸೆಗೆ ಮಂಗಗಳೂ ಅಲ್ಲಿಗೇ ಬರುತ್ತವೆ.

ಕೆಲವು ವರ್ಷದ ಹಿಂದೆ ಒಂದು ಏಪ್ರಿಲ್‌ನಲ್ಲಿ, ನನ್ನ ಅಂಗಡಿಯಲ್ಲಿ ಉದ್ರಿ ಬರೆಸುತ್ತಿದ್ದ ಒಬ್ಬ ಅಕ್ಕನಿಗೆ ಜ್ವರ ಬಂತು. ತಲೆ ಸಿಡಿತ, ಮೈಕೈ ನೋವು, ಕಣ್ಣು ಕೆಂಪು. ಗಂಡ ಊರಿಗೆ ಕರೆದುಕೊಂಡು ಹೋದ. ಅಲ್ಲಿಯ ಒಂದು ದವಾಖಾನೆಯಲ್ಲಿ ಟೈಫಾಯ್ಡ್ ಇರಬೇಕು ಅಂತ ಐದು ದಿನ ಸಲೈನ್ ಹಚ್ಚಿದರು. ಒಸಡಿನಲ್ಲಿ ರಕ್ತ ಕಂಡ ಮೇಲೆ ದೊಡ್ಡ ಆಸ್ಪತ್ರೆಗೆ ಓಡಿದರು. ಅಲ್ಲಿ ಒಬ್ಬ ನರ್ಸಮ್ಮ "ಎಲ್ಲಿ ದುಡಿಯಲು ಹೋಗಿದ್ದಿರಿ?" ಅಂತ ಕೇಳಿದರಂತೆ. ಅಷ್ಟು ದಿನದಲ್ಲಿ ಆ ಪ್ರಶ್ನೆ ಕೇಳಿದವರು ಅವರೊಬ್ಬರೇ. ರಕ್ತ ಪರೀಕ್ಷೆಯಲ್ಲಿ ಮಂಗನ ಕಾಯಿಲೆ ಅಂತ ಬಂತು. ಅಕ್ಕ ಬದುಕಿದರು. ಆದರೆ ಆಕೆ ದುಡಿದ ತೋಟಕ್ಕೆ ಯಾರೂ ಬರಲಿಲ್ಲ. ಜೊತೆಗಿದ್ದವರು ಸುಗ್ಗಿ ಮುಗಿಯುವ ತನಕ ಅದೇ ಎಲೆಯಲ್ಲಿ ಬೀಜ ಆಯ್ದರು.

ಇದು ಒಬ್ಬರ ಕಥೆ ಅಂತ ತಳ್ಳಿಹಾಕಬೇಡಿ. 2016ರಲ್ಲಿ ಬೆಳಗಾವಿ ಜಿಲ್ಲೆಯಲ್ಲಿ ಈ ಕಾಯಿಲೆ ಕಂಡಾಗ ಮೂಲ ಹುಡುಕಿದರೆ ಸಿಕ್ಕಿದ್ದು ಗೋವಾದ ಗೇರು ತೋಟಗಳು. ಇದು ಮನುಷ್ಯರಿಂದ ಮನುಷ್ಯರಿಗೆ ಹರಡುವ ಕಾಯಿಲೆ ಅಲ್ಲ. ಹಾಗಾಗಿ ರೋಗಿ ಯಾವ ಊರಲ್ಲಿ ಮಲಗಿದ್ದಾರೆ ಅನ್ನೋದರಿಂದ ವೈರಸ್ ಎಲ್ಲಿದೆ ಅಂತ ತಿಳಿಯುವುದಿಲ್ಲ. ಉಣ್ಣೆ ಎಲ್ಲಿ ಕಚ್ಚಿತು ಅನ್ನೋದೇ ಮುಖ್ಯ. ನಮ್ಮ ಲೆಕ್ಕದ ಪುಸ್ತಕದಲ್ಲಿ ಬಹಳ ಸಲ ಬಿಟ್ಟುಹೋಗುವುದು ಅದೇ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ, ಈ ವೈರಸ್ಸನ್ನು ಗುರುತಿಸಿದ್ದು ಪುಣೆಯ ವೈರಸ್ ಸಂಶೋಧನಾ ಕೇಂದ್ರ. ಆಮೇಲೆ ಹತ್ತಾರು ವರ್ಷ ಇದು ಮಲೆನಾಡು, ಕರಾವಳಿಯ ಕಾಯಿಲೆ ಅಂತಲೇ ಇತ್ತು. 2012ರ ಹೊತ್ತಿಗೆ ಬಂಡೀಪುರದಲ್ಲಿ ಕಂಡಿತು, ಮುಂದೆ ನೀಲಗಿರಿ, ವಯನಾಡು. 2015ರಲ್ಲಿ ನಮ್ಮ ಸತ್ತರಿಯ ಪಾಳಿ ಗ್ರಾಮ. ಮರುವರ್ಷ ದೋಡಾಮಾರ್ಗ. ನಕ್ಷೆಯಲ್ಲಿ ನೋಡಿದರೆ ಕಾಯಿಲೆ ಘಟ್ಟದ ಗುಂಟ ನಡೆದುಕೊಂಡು ಬಂದ ಹಾಗೆ ಕಾಣುತ್ತದೆ. ಆದರೆ ಅದು ಮೊದಲೇ ಇಲ್ಲಿ ಕೂತಿದ್ದು, ನಾವು ಕಣ್ಣು ಬಿಟ್ಟದ್ದೇ ಆ ವರ್ಷ ಅಂತಲೂ ಇರಬಹುದು, ಅಲ್ವಾ?

ಮಂಗದ ಮಾತು ಹೇಳಲೇಬೇಕು. ಮಂಗ ಸತ್ತರೆ ಮೈಮೇಲಿನ ಉಣ್ಣೆಗಳು ಕೆಳಗಿಳಿದು ಸುತ್ತಲಿನ ನೆಲದಲ್ಲಿ ಉಳಿಯುತ್ತವೆ. ನಮ್ಮ ಜನಕ್ಕೆ ಮಂಗ ಅಂದ್ರೆ ಮಾರುತಿ. ಸತ್ತರೆ ಕುಂಕುಮ ಹಚ್ಚಿ, ಕಾಯಿ ಒಡೆದು, ಹೆಗಲ ಮೇಲೆ ಹೊತ್ತು ಮಣ್ಣು ಮಾಡುತ್ತಾರೆ. ಭಕ್ತಿಯನ್ನು ನಾನು ಆಡಿಕೊಳ್ಳುವುದಿಲ್ಲ, ನಾನೂ ಶನಿವಾರ ಮಾಡುವವನೇ. ಆದರೆ ಉಣ್ಣೆಗೆ ಭಕ್ತರು ಯಾರು ಅಂತ ಗೊತ್ತಿಲ್ಲವಲ್ಲ. ಇನ್ನು ಕೆಲವು ತೋಟದ ಮಾಲೀಕರು, ಮಂಗ ಸತ್ತ ಸುದ್ದಿ ಹಬ್ಬಿದರೆ ಆಳುಗಳು ಓಡಿಹೋಗ್ತಾರೆ ಅಂತ ಸುಮ್ನೆ ಇದ್ದುಬಿಡುತ್ತಾರೆ. ನಷ್ಟದ ಭಯ ಅವರಿಗೂ ಇದೆ. ಸುದ್ದಿ ಕೊಟ್ಟ ಮಾಲೀಕನಿಗೆ ತೊಂದರೆ ಆಗದಂತೆ, ಮರುದಿನವೇ ಔಷಧ ಹೊಡೆಯುವವರು ಬರುವಂತೆ ಆದರೆ ಅವರೂ ಬಾಯಿ ಬಿಡುತ್ತಾರೆ.

ನಾನು ಕೇಳುವುದು ದೊಡ್ಡದೇನಲ್ಲ. ಡಿಸೆಂಬರ್‌ನಿಂದ ಮೇ ತನಕ ಜ್ವರ ಅಂತ ಬಂದ ಪ್ರತಿಯೊಬ್ಬರ ಚೀಟಿಯಲ್ಲಿ "ಹಿಂದಿನ ಎರಡು ವಾರ ಎಲ್ಲಿ ದುಡಿದಿರಿ" ಅಂತ ಒಂದು ಸಾಲು ಇರಲಿ. ತೋಟದ ಹೆಸರು ಬರಲಿ, ಬರೀ ತಾಲ್ಲೂಕಿನ ಹೆಸರು ಸಾಲದು. ಸತ್ತರಿ, ಬೆಳಗಾವಿ, ಸಿಂಧುದುರ್ಗದ ಅಧಿಕಾರಿಗಳು ವಾರಕ್ಕೊಮ್ಮೆ ಫೋನಿನಲ್ಲಾದರೂ ಆ ಚೀಟಿಗಳನ್ನು ತಾಳೆ ನೋಡಲಿ. ಮೂರು ರಾಜ್ಯಕ್ಕೆ ಮೂರು ಲೆಕ್ಕ ಇದ್ದರೆ ಉಣ್ಣೆಗೇನೂ ನಷ್ಟವಿಲ್ಲ. ಶಿವಮೊಗ್ಗ ಕಡೆ ಕಾಡಿಗೆ ಹೋಗುವವರಿಗೆ ಉಣ್ಣೆ ಹತ್ತದಂತೆ ಕೈಕಾಲಿಗೆ ಹಚ್ಚಿಕೊಳ್ಳಲು ಎಣ್ಣೆ ಹಂಚುತ್ತಾರೆ. ಅದು ಇಲ್ಲಿಯ ಜೋಪಡಿಗಳಿಗೂ ಮುಟ್ಟಬೇಕು. ಹಳೆಯ ಲಸಿಕೆ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂತ ನಿಂತುಹೋಗಿದೆ, ಹೊಸದು ತಯಾರಾಗುತ್ತಿದೆ. ಅದು ಬರುವ ತನಕ ಎಣ್ಣೆ, ಮೈತುಂಬ ಬಟ್ಟೆ, ಸಂಜೆಯ ಬಿಸಿನೀರ ಸ್ನಾನ, ಇಷ್ಟೇ ನಮ್ಮ ಕೈಲಿರುವುದು.

ಇನ್ನೊಂದು ಮಾತು. ನಮ್ಮ ಕಡೆಯ ಬಹಳ ಜನಕ್ಕೆ ಮರಾಠಿ, ಕೊಂಕಣಿ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಅದಕ್ಕೇ ಅಂಗಡಿಯ ಬಾಗಿಲಿಗೆ ಕನ್ನಡದಲ್ಲಿ ಒಂದು ಬೋರ್ಡ್ ಮಾಡಿಸಿದ್ದೇನೆ: "ಸತ್ತ ಮಂಗ ಕಂಡರೆ ಮುಟ್ಟಬೇಡಿ, ಈ ನಂಬರಿಗೆ ಫೋನ್ ಮಾಡಿ." ಪೇಂಟರ್ ನಂಬರಿನ ಜಾಗ ಖಾಲಿ ಬಿಟ್ಟು ಹೋಗಿದ್ದಾನೆ. ಆರೋಗ್ಯ ಇಲಾಖೆಯದೋ, ಅರಣ್ಯ ಇಲಾಖೆಯದೋ, ಪಶು ವೈದ್ಯರದೋ, ಯಾವ ನಂಬರ್ ಬರೆಸಲಿ ಅಂತ ಮೊದಲ ಬಸ್ಸು ಘಾಟಿ ಇಳಿಯುವ ಮುಂಚೆ ತಿಳಿಸಿ.

ಇಂತಿ,
ವಾಳ್ಪೈಯ ಒಬ್ಬ ಕಿರಾಣಿ ಅಂಗಡಿಯವ