ಏಳನೇ ಪಂದ್ಯ, ಒಂದು ಗೋಲಿನ ಅಂತರ

ಎಡ್ಮಂಟನ್
27 ಜೂನ್ 2024

ಪ್ರೀತಿಯ ತಮ್ಮನಿಗೆ,

ಅಪ್ಪ ಅಮ್ಮನಿಗೆ ನಮಸ್ಕಾರ ತಿಳಿಸು. ಸತತ ಮೂರು ಪಂದ್ಯ ಗೆದ್ದು ಬಂದ ಇಲ್ಲಿನ ಐಸ್ ಹಾಕಿ ತಂಡ ಆಯಿಲರ್ಸ್ ಕೊನೆಯದರಲ್ಲಿ ಯಾಕೆ ಸೋತರು ಅಂತ ಕೇಳಿದ್ದೆಯಲ್ಲ, ಅದನ್ನು ಬಿಡಿಸಿ ಬರೆಯುತ್ತೇನೆ.

ಏಳು ಪಂದ್ಯಗಳ ಸ್ಟ್ಯಾನ್ಲಿ ಕಪ್ ಫೈನಲ್‌ನಲ್ಲಿ 0-3 ಹಿಂದಿದ್ದವರು 8-1, 5-3, 5-1ರಿಂದ ಗೆದ್ದು ಸಮ ಮಾಡಿಕೊಂಡರು. ಅಲ್ಲಿಂದ ಕಪ್ ಕೂಡ ಗೆದ್ದ ತಂಡ ಈವರೆಗೆ ಒಂದೇ, 1942ರ ಟೊರಾಂಟೊ. ಸೋಮವಾರ ಎದುರಾಳಿ ಪ್ಯಾಂಥರ್ಸ್ ತಮ್ಮ ಫ್ಲೋರಿಡಾದಲ್ಲೇ 2-1ರಿಂದ ಬಾಗಿಲು ಹಾಕಿದರು.

ಇಲ್ಲಿ ಎಲ್ಲರ ಬೆರಳು ಗೋಲ್‌ಕೀಪರ್ ಸ್ಕಿನ್ನರ್ ಕಡೆಗಿದೆ. ಅರ್ಧ ಮಾತ್ರ ನಿಜ. ಮೊದಲ ಪೀರಿಯಡ್‌ನ (ಪಂದ್ಯದ ಮೂರು ಭಾಗಗಳಲ್ಲಿ ಮೊದಲನೆಯದರ) 4:27ಕ್ಕೆ ಪ್ಯಾಂಥರ್ಸ್ ಆಟಗಾರ ವರ್ಹೇಗಿ ಹೊಡೆದ ಮೊದಲ ಗೋಲು ಡಿಫ್ಲೆಕ್ಷನ್. ಜೊತೆಗಾರ ರೊಡ್ರಿಗೆಜ್ ಕಳಿಸಿದ ಪಕ್‌ಗೆ (ಚೆಂಡಿನ ಬದಲು ಬಳಸುವ ಚಪ್ಪಟೆ ಬಿಲ್ಲೆಗೆ) ಗೋಲಿನ ಮುಂದೆ ಕೋಲು ತಾಗಿಸಿದ, ಅಷ್ಟೇ. ಕೀಪರ್ ಮೊದಲ ಗೆರೆ ನೋಡಿ ಕಾಲು ಮಡಚಿ ಕೂತಾಗಿರುತ್ತದೆ, ಅಷ್ಟರಲ್ಲಿ ಪಕ್ ದಿಕ್ಕು ಬದಲಿಸಿದರೆ ಅವನ ಕೈಯಲ್ಲಿ ಏನೂ ಇರುವುದಿಲ್ಲ. ನಮ್ಮ ಮೈದಾನದ ಹಾಕಿಯ ಪೆನಾಲ್ಟಿ ಕಾರ್ನರ್‌ನಲ್ಲಿ ಪೋಸ್ಟ್ ಹತ್ತಿರ ನಿಂತವನು ಚೆಂಡಿಗೆ ಸ್ಟಿಕ್ ತಾಗಿಸುವ ಹಾಗೆಯೇ. ಆ ಕೋಲನ್ನು ಎತ್ತಿ ಕಟ್ಟಿಹಾಕುವ ಕೆಲಸ ಡಿಫೆಂಡರ್‌ದು.

ಎರಡನೇ ಪೀರಿಯಡ್‌ನ 15:11ಕ್ಕೆ ಪ್ರತಿದಾಳಿಯಲ್ಲಿ ಬಂದ ರೈನ್‌ಹಾರ್ಟ್ ಬಲಗಡೆಯ ವೃತ್ತದಿಂದ ಹೊಡೆದದ್ದು ಬೇರೆ ವಿಷಯ. ಅದನ್ನು ಸ್ಕಿನ್ನರ್ ತಡೆಯಬೇಕಿತ್ತು, ಮುಚ್ಚಿಡುವುದೇನಿಲ್ಲ. ಆದರೆ ಎರಡನೇ ಪೀರಿಯಡ್‌ಗೆ ಅದರದೇ ಅಪಾಯವಿದೆ ಅನ್ನುವುದನ್ನು ಮರೆಯಬೇಡ. ತಂಡಗಳು ತುದಿ ಬದಲಿಸುತ್ತವೆ, ಬೆಂಚು ಮಾತ್ರ ಇದ್ದಲ್ಲೇ ಇರುತ್ತದೆ. ಹಾಗಾಗಿ ಡಿಫೆಂಡರ್‌ಗಳು ಬದಲಾಗಬೇಕಾದರೆ ದೂರ ಹೋಗಬೇಕು. ಒಂದು ಪಾಳಿ, ಅಂದರೆ ಬೆಂಚಿಗೆ ಮರಳದೆ ಆಡುವ ಹೊತ್ತು, ಮುಕ್ಕಾಲು ನಿಮಿಷ ದಾಟಿತೆಂದರೆ ಕಾಲು ಸೋಲುತ್ತದೆ, ಎದುರಾಳಿ ನುಗ್ಗಿ ಬರುವುದು ಆಗಲೇ.

ನಿಜವಾದ ತೊಂದರೆ ದಾಳಿಯಲ್ಲಿತ್ತು. ನಮ್ಮ ಹಾಕಿಯಲ್ಲಿ ಈಗಿಲ್ಲದ ಆಫ್‌ಸೈಡ್ ಐಸ್ ಹಾಕಿಯಲ್ಲಿ ಇನ್ನೂ ಇದೆ: ಎದುರಾಳಿಯ ನೀಲಿ ಗೆರೆಯನ್ನು ಪಕ್ ಮೊದಲು ದಾಟಬೇಕು, ಆಟಗಾರರು ಆಮೇಲೆ. ಪ್ಯಾಂಥರ್ಸ್ ಆ ಗೆರೆಯ ಹತ್ತಿರವೇ ಸಾಲುಗಟ್ಟಿ ಮಧ್ಯದ ದಾರಿ ಮುಚ್ಚಿದರು. ಆಯಿಲರ್ಸ್‌ನ ಮೆಕ್‌ಡೇವಿಡ್‌ಗೆ ವೇಗವೇ ಬಂಡವಾಳ. ಗೆರೆಯಲ್ಲಿ ನಿಧಾನಿಸಿ ಗೋಡೆಯ ಕಡೆ ತಿರುಗಬೇಕಾದರೆ ಆ ಬಂಡವಾಳ ಕರಗಿತು. ಪ್ಲೇಆಫ್‌ನಲ್ಲಿ 42 ಪಾಯಿಂಟ್ (ಗೋಲು ಮತ್ತು ಗೋಲಿಗೆ ಕೊಟ್ಟ ಪಾಸ್ ಸೇರಿ) ಗಳಿಸಿ, ಸೋತ ತಂಡದಲ್ಲಿದ್ದೂ ಪ್ಲೇಆಫ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಕಾನ್ ಸ್ಮೈತ್ ಪ್ರಶಸ್ತಿ ಪಡೆದವನು ಕೊನೆಯ ಎರಡು ಪಂದ್ಯಗಳಲ್ಲಿ ಒಂದೂ ಪಾಯಿಂಟ್ ಗಳಿಸಲಿಲ್ಲ. ತಂಡದ ಇನ್ನೊಬ್ಬ ತಾರೆ ಡ್ರೈಸೈಟಲ್‌ಗೆ ಇಡೀ ಫೈನಲ್‌ನಲ್ಲಿ ಒಂದು ಗೋಲೂ ಇಲ್ಲ. ಇಬ್ಬರನ್ನೇ ನಂಬಿದ ತಂಡಕ್ಕೆ ಇದಕ್ಕಿಂತ ದೊಡ್ಡ ಪೆಟ್ಟು ಬೇಡ.

ಕೊನೆಯ ಪೀರಿಯಡ್‌ನಲ್ಲಿ ಆಯಿಲರ್ಸ್ ಜೀವ ಬಿಟ್ಟು ಆಡಿದರು, ಅದನ್ನು ನೋಡಿ ಹೊಟ್ಟೆ ಉರಿಯಿತು. ಇಡೀ ಪಂದ್ಯದ ಒಟ್ಟು 24 ಹೊಡೆತಗಳಲ್ಲಿ 23 ಅನ್ನು ಪ್ಯಾಂಥರ್ಸ್ ಕೀಪರ್ ಬೊಬ್ರೊವ್‌ಸ್ಕಿ ಹಿಡಿದ.

ಒಳಗೆ ಹೋದ ಆ ಒಂದನ್ನು ನಿನ್ನ ಹುಡುಗರಿಗೆ ತೋರಿಸು. ಮೊದಲ ಪೀರಿಯಡ್‌ನ 6:44ಕ್ಕೆ, ಮೊದಲ ಗೋಲು ಬಿಟ್ಟುಕೊಟ್ಟು ಬರೀ 2 ನಿಮಿಷ 17 ಸೆಕೆಂಡಿಗೆ, ಆಯಿಲರ್ಸ್ ಡಿಫೆಂಡರ್ ಸೀಸಿ ಹಿಂದಿನಿಂದ ಒಂದೇ ಉದ್ದನೆಯ ಪಾಸ್ ಕೊಟ್ಟ, ಜಾನ್ಮಾರ್ಕ್ ಒಬ್ಬನೇ ಕೀಪರ್ ಎದುರು ಹೋದ. ಪ್ಯಾಂಥರ್ಸ್ ಸಾಲುಗಟ್ಟುವ ಮೊದಲೇ ಪಕ್ ಅವರ ಬೆನ್ನ ಹಿಂದಿತ್ತು. ಆ ಪಾಸ್ ಮತ್ತೆ ಬರಲಿಲ್ಲ.

ನಿನ್ನ
ಅಣ್ಣ