ಮನೆ ಶೂಟಿಂಗ್‌ಗೆ ಕೊಡೋರ ಗಮನಕ್ಕೆ

ಅಟ್ಲಾಂಟಾ ಮಿತ್ರರೇ, ಮನೆಯನ್ನು ಶೂಟಿಂಗ್‌ಗೆ ಕೊಡೋದು ಹೇಗೆ ಅಂತ ಮೂರ್ನಾಲ್ಕು ಜನ ಕೇಳಿದ್ರಿ. ಜಾರ್ಜಿಯಾದ 159 ಕೌಂಟಿಗಳಲ್ಲೂ ರಾಜ್ಯದ ಫಿಲ್ಮ್ ಆಫೀಸ್ ಜೊತೆ ಕೆಲಸ ಮಾಡುವ ಸ್ಥಳೀಯ ಪ್ರತಿನಿಧಿ ಇರ್ತಾರೆ, ಮೊದಲು ಅವರನ್ನೇ ವಿಚಾರಿಸಿ.

ಆ ಆಫೀಸು 1973ರದ್ದು. ಗವರ್ನರ್ ಆಗಿದ್ದಾಗ ಜಿಮ್ಮಿ ಕಾರ್ಟರ್ ಶುರು ಮಾಡಿಸಿದ್ದು. ಆದ್ರೆ ಸಿನಿಮಾದವರ ಜಾತ್ರೆ ಸೇರಿದ್ದು 2008ರ ತೆರಿಗೆ ರಿಯಾಯಿತಿ ಬಂದ್ಮೇಲೆ: ಕನಿಷ್ಠ 5 ಲಕ್ಷ ಡಾಲರ್ ಇಲ್ಲಿ ಖರ್ಚು ಮಾಡಿದ್ರೆ ಆ ಖರ್ಚಿನ ಶೇ. 20ರಷ್ಟು ರಿಯಾಯಿತಿ, ಚಿತ್ರದಲ್ಲಿ ರಾಜ್ಯದ ಪೀಚ್ ಹಣ್ಣಿನ ಲೋಗೋ ಹಾಕಿದ್ರೆ ಇನ್ನೂ ಶೇ. 10. (ನಮ್ಮ ಬಾದಾಮಿ ಮಾವಿಗೂ ಇಷ್ಟು ಮರ್ಯಾದೆ ಸಿಕ್ಕಿಲ್ಲ!)

ಮನೆಯನ್ನು ಶೂಟಿಂಗ್ ಜಾಗಗಳ ಪಟ್ಟಿಗೆ ಸೇರಿಸಿದ ತಕ್ಷಣ ಯಾರೂ ಓಡಿ ಬರಲ್ಲ. ಬಂದ್ರೂ, ಲಿಖಿತ ಒಪ್ಪಂದ, ವಿಮೆ ಪತ್ರ, ನಿಮ್ಮ ಬಡಾವಣೆ ಸಂಘದ ಒಪ್ಪಿಗೆ ಕೈಗೆ ಬರೋವರೆಗೂ ಬಾಗಿಲು ತೆಗೀಬೇಡಿ. ಮತ್ತೆ, ದೇವರ ಮನೆ ಮುಟ್ಟಬಾರದು ಅನ್ನೋದನ್ನ ಮೊದಲೇ ಬರೆಸಿಕೊಳ್ಳಿ.