ಪದಕದ ಜತೆ ಕಾಗದವೂ ಉಳಿಯಲಿ

ಮಾನ್ಯ ಸಂಪಾದಕರೇ,

ಎರಡನೇ ಮಹಾಯುದ್ಧ ಕಾಲದ ಬ್ರಿಟನ್ ಕುರಿತ ಬರಹಗಳಲ್ಲಿ ಪದಕಗಳಿಗೆ ಸಿಗುವ ಗಮನ ನಾಗರಿಕ ರಕ್ಷಣಾ ಕಾರ್ಯಕರ್ತರ ಕಾಗದಪತ್ರಗಳಿಗೆ ಸಿಗುತ್ತಿಲ್ಲವೆಂಬುದು ನೋವಿನ ಸಂಗತಿ. ಇಂಥ ಸೇವೆಗೂ ಬ್ರಿಟಿಷರಿಗೆ ನೀಡಲಾದ ಡಿಫೆನ್ಸ್ ಮೆಡಲ್ ಎಂಬ ಪದಕದ ಮೇಲೆ ಪಡೆದವರ ಹೆಸರನ್ನು ಕೆತ್ತುತ್ತಿರಲಿಲ್ಲವಾದ್ದರಿಂದ, ಕಾಗದಗಳಿಂದ ಬೇರ್ಪಟ್ಟ ಪದಕ ಯಾರದೆಂದು ಹೇಳುವುದೇ ಕಷ್ಟ.

1937ರ ವಾಯುದಾಳಿ ಮುನ್ನೆಚ್ಚರಿಕೆ ಕಾಯ್ದೆಯಡಿ ಹೊಣೆ ಹೊತ್ತ ಸ್ಥಳೀಯ ಸಂಸ್ಥೆಗಳು ವಾರ್ಡನ್‌ಗಳಿಗೆ, ಅಂದರೆ ವಾಯುದಾಳಿಯ ವೇಳೆ ತಮ್ಮ ಪ್ರದೇಶದ ಜನರ ಸುರಕ್ಷತೆ ನೋಡಿಕೊಳ್ಳುತ್ತಿದ್ದ ಕಾರ್ಯಕರ್ತರಿಗೆ, ನೇಮಕಾತಿ ಕಾರ್ಡ್ ಕೊಡುತ್ತಿದ್ದವು. 1939ರ ಸೆಪ್ಟೆಂಬರ್ 29ರ ರಾಷ್ಟ್ರೀಯ ನೋಂದಣಿಯೊಂದಿಗೆ ಎಲ್ಲ ನಾಗರಿಕರಿಗೂ ದೊರೆತ ಗುರುತಿನ ಚೀಟಿ ಬೇರೆಯದು. ಅದು 1952ರವರೆಗೂ ಚಾಲ್ತಿಯಲ್ಲಿತ್ತು. ಆ ನೋಂದಣಿ ಪುಸ್ತಕದಲ್ಲಿಯೇ ಕೆಲವರ ಹೆಸರಿನ ಎದುರು ವಾರ್ಡನ್ ಎಂಬ ಟಿಪ್ಪಣಿಯೂ ಇದೆ.

ಇವೆಲ್ಲಕ್ಕಿಂತ ನನಗೆ ಅಮೂಲ್ಯವೆನಿಸುವುದು ಬಾಂಬ್ ಬಿದ್ದೊಡನೆ ವಾರ್ಡನ್ ತುಂಬಿ ಕಳುಹಿಸಬೇಕಿದ್ದ ವರದಿ ನಮೂನೆ. ಬಿದ್ದ ಸ್ಥಳ, ಬಾಂಬಿನ ಬಗೆ, ಗಾಯಾಳುಗಳು, ಬೆಂಕಿ, ಒಡೆದ ನೀರಿನ ಮತ್ತು ಅನಿಲದ ಕೊಳವೆಗಳು, ಮುಚ್ಚಿಹೋದ ರಸ್ತೆ, ಸಿಡಿಯದೆ ಉಳಿದ ಬಾಂಬು ಇವನ್ನೆಲ್ಲ ಕತ್ತಲಲ್ಲಿ, ದಾಳಿಯ ನಡುವೆಯೇ ದಾಖಲಿಸಿದ ಸಾಮಾನ್ಯ ಜನರ ಕೈಬರಹ ಅದರಲ್ಲಿದೆ.

ಇಂಥ ಕಾಗದಗಳನ್ನು ಪದಕ, ಬ್ಯಾಡ್ಜ್‌ಗಳಿಂದ ಬಿಡಿಸಿ ಬಿಡಿಬಿಡಿಯಾಗಿ ಮಾರುವುದನ್ನು ಸಂಗ್ರಾಹಕರು ದಯವಿಟ್ಟು ನಿಲ್ಲಿಸಬೇಕು. ಕುಟುಂಬಗಳು ಅವುಗಳ ಪ್ರತಿಯನ್ನಾದರೂ ಆಯಾ ಊರಿನ ಪತ್ರಾಗಾರಕ್ಕೆ ಒಪ್ಪಿಸಬೇಕು.

ಇತಿ,
ಇತಿಹಾಸಾಸಕ್ತ ಓದುಗ